ಯಾರ ನೆರವೂ ಇಲ್ಲದೆ

ದೀಕ್ಷಿತಾ ಎರಡನೇ ಸಲ ನಾರಾವಿಗೆ ಹೋದದ್ದು ಬಸ್ಸಿನಲ್ಲಿ, ತೊಡೆಯ ಮೇಲೆ ಹಲ್ವದ ಪೊಟ್ಟಣ ಇಟ್ಟುಕೊಂಡು. ಮೊದಲ ಸಲ, ಅದಕ್ಕೂ ಎರಡು ವಾರ ಹಿಂದೆ, ಸೈಕಲಿನಲ್ಲಿ ಹೋಗಿದ್ದಳು. ಅಂದು ಕತ್ತಲಾಗುವ ಹೊತ್ತಿಗೆ ಕಾಲು ಸೋತು, ಬಾಯಿ ಒಣಗಿ ರಸ್ತೆ ಬದಿಯ ಒಂದು ಹೆಂಚಿನ ಮನೆಯ ಮುಂದೆ ನಿಂತಿದ್ದಾಗ ರುಖಿಯಮ್ಮ ಎಂಬ ಮುದುಕಿ ಹೊರಗೆ ಬಂದು, ಊರು ಯಾವುದು, ಹೆಸರೇನು ಎಂದು ಒಂದನ್ನೂ ಕೇಳದೆ ಜಗಲಿಯಲ್ಲಿ ಚಾಪೆ ಹಾಸಿ ಗಂಜಿ ಕೊಟ್ಟಿದ್ದಳು. ಗುರುತು ಪರಿಚಯ ಇಲ್ಲದ ಒಬ್ಬ ಹೆಂಗಸು ತನಗಾಗಿ ಎದ್ದು ಬಂದಳಲ್ಲ ಎಂಬ ಸಂತೋಷ ದೀಕ್ಷಿತಾಳಿಗೆ ಈಗಲೂ ಇಳಿದಿರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಗಿರಾಕಿಗಳಿಗೆ ಮಾತ್ರೆಯ ಲೆಕ್ಕ ಹೇಳುವಾಗಲೂ ಆ ಜಗಲಿ ನೆನಪಾಗಿ ತನ್ನಷ್ಟಕ್ಕೇ ನಗುತ್ತಿದ್ದಳು.

ಅವಳಿಗೆ ಮೂವತ್ತನಾಲ್ಕು ವರ್ಷ. ಬಿ.ಸಿ.ರೋಡಿನಲ್ಲಿ ಫಾರ್ಮಸಿಸ್ಟ್. ಗಂಡ ರಂಜಿತನದು ಕಲ್ಲಡ್ಕದಲ್ಲಿ ಹೆದ್ದಾರಿ ಬದಿಯ ಹೋಟೆಲು, ತಂದೆಯ ಕಾಲದ್ದು. ಮನೆ ಅದರ ಹಿಂದೆಯೇ. ಲಾಕ್‌ಡೌನಿನ ಕಾಲದಲ್ಲಿ ಬಸ್ಸಿಲ್ಲದೆ ಕೆಲಸಕ್ಕೆ ಸೈಕಲಿನಲ್ಲಿ ಹೋಗತೊಡಗಿದವಳು ಆ ಮೇಲೂ ಅದನ್ನು ಬಿಡಲಿಲ್ಲ. ಮಂಗಳೂರಿನ ಸೈಕಲ್ ಸವಾರರ ಜೊತೆ ದೂರ ದೂರದ ಸವಾರಿಗೆ ಹೋದಳು. ಈಗ ಜನವರಿಯಲ್ಲಿ ನಡೆಯುವ ಒಂದು ರೇಸಿಗೆ ಹೆಸರು ಕೊಟ್ಟಿದ್ದಳು. ಗೋವಾದ ಗಡಿಯಿಂದ ಕನ್ಯಾಕುಮಾರಿಯವರೆಗೆ, ಘಟ್ಟದ ಬುಡ ಹಿಡಿದು. ಅದರ ನಿಯಮ ಒಂದೇ ಮಾತಿನದು: ಯಾರ ನೆರವೂ ಇಲ್ಲದೆ. ಮಲಗುವ ಚೀಲ, ಟ್ಯೂಬು, ಪಂಪು, ಮದ್ದು ಎಲ್ಲವನ್ನೂ ಸೈಕಲಿಗೇ ಕಟ್ಟಿಕೊಳ್ಳಬೇಕು. ಅಂಗಡಿಯಲ್ಲಿ ಕೊಳ್ಳಬಹುದು, ಲಾಡ್ಜಿನಲ್ಲಿ ಮಲಗಬಹುದು, ಗುರುತಿಲ್ಲದವರು ನೀರು, ಊಟ, ಮಲಗಲು ಜಾಗ ಕೊಟ್ಟರೆ ತೆಗೆದುಕೊಳ್ಳಬಹುದು. ಮನೆಯವರು, ಗೆಳೆಯರು ಮಾತ್ರ ಹತ್ತಿರ ಸುಳಿಯಬಾರದು. ರೇಸಿಗೆ ಮೊದಲು ಅದೇ ರೀತಿ ಎರಡು ದಿನದ ಸವಾರಿ ಮಾಡಿ, ನೆರವು ಪಡೆದಿಲ್ಲವೆಂದು ತಾನೇ ಬರೆದು ಕಳಿಸಬೇಕು. ನೋಡುವವರು ಯಾರೂ ಇಲ್ಲ. ಬರೆದದ್ದನ್ನು ಅವರು ನಂಬುತ್ತಾರೆ, ಅಷ್ಟೇ.

ಅವಳಿಗೆ ಈ ಸವಾರಿ ಬರಿಯ ಅರ್ಹತೆಯ ವಿಷಯವಾಗಿರಲಿಲ್ಲ. ಹಿಂದಿನ ವರ್ಷದ ಮಳೆಗಾಲದಲ್ಲಿ ಪುಂಜಾಲಕಟ್ಟೆ ದಾಟಿದ ಮೇಲೆ ಒಂದು ಟಿಪ್ಪರಿನ ಹಿಂಬದಿ ತಾಗಿ ಚರಂಡಿಗೆ ಬಿದ್ದಿದ್ದಳು. ಎಡ ಹೆಗಲಿನ ಎಲುಬು ಮುರಿದಿತ್ತು, ಫೋನು ಚೂರಾಗಿತ್ತು. ಕೈ ಎತ್ತಿ ಕರೆದಳು. ಕಾರುಗಳು ವೇಗ ತಗ್ಗಿಸಿ ನೋಡಿದವು, ಮತ್ತೆ ಹೋದವು. ಬಹಳ ಹೊತ್ತಿನ ಮೇಲೆ ಒಂದು ಹಾಲಿನ ಟೆಂಪೋ ನಿಂತಿತು. ಎಲುಬು ಕೂಡಿಕೊಂಡಿತು. ಆದರೆ ಇಳಿಸಿದ ಗಾಜುಗಳ ಹಿಂದಿನ ಆ ಮುಖಗಳು ಅವಳನ್ನು ಬಿಟ್ಟಿರಲಿಲ್ಲ.

ಅಕ್ಟೋಬರಿನ ಸವಾರಿ ಆ ಮುಖಗಳನ್ನು ಅಳಿಸಿ ಹಾಕಿತ್ತು. ಪುಂಜಾಲಕಟ್ಟೆಯಲ್ಲಿ ಸೋಡಾ ಅಂಗಡಿಯವನು ಅವಳನ್ನು ಕಂಡದ್ದೇ ಕುರ್ಚಿ ಎಳೆದು ಕೊಟ್ಟು, ಲಿಂಬೆ ಶರಬತ್ತಿಗೆ ಉಪ್ಪು ಹೆಚ್ಚು ಹಾಕಿ ಕೊಟ್ಟಿದ್ದ. ಅಳದಂಗಡಿಯ ಆಚೆ ಕಾಡು ದಟ್ಟವಾಗುವಲ್ಲಿ ಒಂದು ಪಿಕಪ್ ವ್ಯಾನು, ಹಾರ್ನ್ ಮಾಡದೆ, ಮುಂದೆ ಹೋಗದೆ, ಸಾವಕಾಶ ಹಿಂದೆ ಬಂದಿತ್ತು. ನಾರಾವಿಯಲ್ಲಿ ರುಖಿಯಮ್ಮ. ಮರುದಿನ ಮೂಡುಬಿದಿರೆಯಲ್ಲಿ ಟಯರು ಹರಿದಾಗ, ಭಾನುವಾರವಾದರೂ ಒಂದು ಸೈಕಲ್ ಅಂಗಡಿಯ ಬಾಗಿಲು ತೆರೆದಿತ್ತು. ಅವಳ ಸಪೂರ ಚಕ್ರಕ್ಕೆ ಹೊಂದುವ ಟಯರೂ ಅಲ್ಲಿ ಸಿಕ್ಕಿತ್ತು. ಕಲ್ಲಡ್ಕಕ್ಕೆ ಮರಳಿದವಳು ಊಟಕ್ಕೆ ಕೂತು ಇದನ್ನೆಲ್ಲ ಒಂದೊಂದಾಗಿ ಗಂಡನಿಗೆ ಹೇಳಿದ್ದಳು. ಅತ್ತೆ ಕಾಂತಿ ಬಡಿಸುತ್ತಿದ್ದರು. ರಂಜಿತ ತಟ್ಟೆ ನೋಡುತ್ತಾ, ಜನ ಒಳ್ಳೆಯವರೇ, ಎಂದಿದ್ದ.

ಈಗ ರುಖಿಯಮ್ಮ ಹಲ್ವದ ಪೊಟ್ಟಣ ತೆಗೆದುಕೊಂಡು, ಇದೆಲ್ಲ ಯಾಕೆ ಎಂದು ಗದರಿ, ಚಹಾ ತಂದು ಎದುರು ಕೂತಳು. ಸೊಸೆ ಮಾಜಿದಾಳ ಬಾಣಂತನದ ಸುದ್ದಿ ಹೇಳಿದಳು. ಮಗ ಉಮ್ಮರನ ತೆಂಗಿನಕಾಯಿ ವ್ಯಾಪಾರದ ಸುದ್ದಿ ಹೇಳಿದಳು. ಆ ಮೇಲೆ ಅದೇ ಸರಾಗದಲ್ಲಿ ಅಂದಳು:

"ನಿನ್ನ ಗಂಡ ಪಾಪದವರು, ಮಗಳೇ. ಒಳಗೆ ಬಂದು ಮಲಗಿ ಅಂತ ಉಮ್ಮರ್ ಎಷ್ಟು ಹೇಳಿದ. ಕೇಳ್ಲಿಲ್ಲ. ಬೆಳಗಾಗುವವರೆಗೆ ಆ ತಿರುವಿನಲ್ಲಿ ಕಾರಿನಲ್ಲೇ ಕೂತಿದ್ರು."

ದೀಕ್ಷಿತಾಳಿಗೆ ಮಾತು ಕಿವಿಗೆ ಬಿತ್ತು, ಅರ್ಥ ಸ್ವಲ್ಪ ತಡವಾಗಿ ಬಂತು. ಉಮ್ಮರ್ ಕಾಯಿ ಹಾಕುವ ಹೋಟೆಲುಗಳಲ್ಲಿ ಕಲ್ಲಡ್ಕದ್ದೂ ಒಂದಿರಬೇಕು ಎಂದು ಈಗ ಹೊಳೆಯಿತು.

"ನಾನು ಬರ್ತೇನೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದಳು.

ಮುದುಕಿಯ ಮುಖ ಸಣ್ಣದಾಯಿತು. ಹಿಂದಿನ ದಿನವೇ ರಂಜಿತ ಬಂದು ಹೇಳಿ ಹೋದದ್ದನ್ನು, ಗೊತ್ತಾಗದ ಹಾಗೆ ನಡೆದುಕೊಳ್ಳಿ ಎಂದು ಬೇಡಿಕೊಂಡದ್ದನ್ನು ತಡವರಿಸುತ್ತಾ ಒಪ್ಪಿಕೊಂಡಳು. ನಂತರ ದೀಕ್ಷಿತಾಳ ಕೈ ಹಿಡಿದು, "ಅವರು ಹೇಳದಿದ್ರೂ ನೀನು ಬಾಗಿಲಿಗೆ ಬಂದಿದ್ರೆ ನಾನು ಚಾಪೆ ಹಾಕ್ತಿದ್ದೆ," ಎಂದಳು.

ಅದು ನಿಜವಿದ್ದೀತು. ಆದರೆ ಅದನ್ನು ತಿಳಿಯುವ ದಾರಿಯನ್ನೇ ರಂಜಿತ ಮುಚ್ಚಿಬಿಟ್ಟಿದ್ದ.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ಕೂತು ಒಂದೊಂದನ್ನೇ ತೆಗೆದು ನೋಡಿದಳು. ಸೋಡಾ ಅಂಗಡಿಯವನು ಕುರ್ಚಿ ಎಳೆದದ್ದು. ವ್ಯಾನು ಹಿಂದೆ ಬಂದದ್ದು. ಭಾನುವಾರ ತೆರೆದ ಬಾಗಿಲು. ಯಾವುದು ಗಂಡನದು, ಯಾವುದು ಊರಿನದು ಎಂದು ಬೇರ್ಪಡಿಸಲು ಆಗಲಿಲ್ಲ. ಕೊನೆಗೆ ಒಂದೂ ಉಳಿಯಲಿಲ್ಲ.

ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ರಂಜಿತ ಹಿಂದಿನ ಅಂಗಳದಲ್ಲಿ ಗ್ಯಾಸ್ ಸಿಲಿಂಡರ್ ಇಳಿಸುತ್ತಿದ್ದವನು ಅವಳ ಮುಖ ಕಂಡೇ ಕೆಲಸದವರನ್ನು ಒಳಗೆ ಕಳಿಸಿದ. ಸುಳ್ಳು ಹೇಳುವ ಪ್ರಯತ್ನ ಮಾಡಲಿಲ್ಲ. ಸೋಡಾ ಅಂಗಡಿಯವನಿಗೆ ಹೇಳಿದ್ದು ತಾನೇ, ವ್ಯಾನು ಉಮ್ಮರನದು, ಅವಳು ಮನೆಯ ಹತ್ತಿರ ಬಂದಾಗ ತಾಯಿಗೆ ಫೋನು ಮಾಡಿದ್ದೂ ಅವನೇ, ಸೈಕಲ್ ಅಂಗಡಿಯವನಿಗೆ ಮಂಗಳೂರಿನಿಂದ ಟಯರು ತರಿಸಿ ಕೊಟ್ಟದ್ದೂ ತಾನೇ ಎಂದು ಎಲ್ಲ ಒಪ್ಪಿಕೊಂಡ.

"ಆವತ್ತು ನೀನು ಚರಂಡಿಯಲ್ಲಿ ಬಿದ್ದಿದ್ದಾಗ ನಾನು ಇಲ್ಲಿ ಕ್ಯಾಶಿನಲ್ಲಿ ಕೂತು ಯಾರ ಹತ್ರವೋ ನಗಾಡ್ತಾ ಇದ್ದೆ, ದೀಕ್ಷಿ," ಎಂದ. "ಅದನ್ನು ನೆನೆಸಿದ್ರೆ ಈಗ್ಲೂ ನಂಗೆ ಅನ್ನ ಇಳಿಯುದಿಲ್ಲ. ನೀನು ಹೋಗು ಅಂತ ಬಾಯಲ್ಲಿ ಹೇಳಿದೆ. ಮನಸ್ಸು ಕೇಳ್ಲಿಲ್ಲ."

ಅವಳಿಗೆ ಅವನ ಮೇಲೆ ಕನಿಕರ ಬಂತು, ಅದು ಬಂದದ್ದಕ್ಕೇ ಸಿಟ್ಟೂ ಬಂತು.

"ಆವತ್ತು ಅಷ್ಟು ಹೊತ್ತು ಯಾರೂ ನಿಲ್ಲಿಸ್ಲಿಲ್ಲ," ಎಂದಳು. "ಈ ಸಲ ಎಲ್ಲರೂ ನಿಲ್ಲಿಸಿದ್ರು. ಲೋಕ ಅಷ್ಟು ಕೆಟ್ಟದ್ದಲ್ಲ ಅಂತ ನಾನು ನಂಬಿದೆ. ಊಟಕ್ಕೆ ಕೂತು ನಿಮಗೆ ಹೇಳಿದೆ. ನೀವು ತಲೆ ಬಗ್ಗಿಸಿ ಕೇಳಿದ್ರಿ."

ಅವನು ಸಿಲಿಂಡರನ್ನು ಗೋಡೆಯ ಬದಿಗೆ ಉರುಳಿಸಿದ.

ಅಂದು ಸಂಜೆಯೇ ಅವಳು ರೇಸಿನವರಿಗೆ ಬರೆದಳು. ತನಗೆ ತಿಳಿಯದೆ ತನಗೆ ನೆರವು ಸಿಕ್ಕಿದೆ, ಆದ್ದರಿಂದ ಮೊದಲು ಬರೆದದ್ದು ಸುಳ್ಳಾಯಿತು, ಅದನ್ನು ತೆಗೆದುಹಾಕಿ ಎಂದು. ರಂಜಿತ ಬಾಗಿಲಲ್ಲಿ ನಿಂತು, ಕಳಿಸಬೇಡ, ಗೊತ್ತಿರುವುದು ನಮಗೆ ಮಾತ್ರ, ತಪ್ಪು ನನ್ನದು, ನಿನ್ನದಲ್ಲ ಎಂದು ಹೇಳಿ ನೋಡಿದ. ಅವಳು ಕಳಿಸಿದಳು. ಎರಡು ದಿನ ಬಿಟ್ಟು ಉತ್ತರ ಬಂತು. ಬರೆದದ್ದಕ್ಕೆ ಉಪಕಾರ, ನವೆಂಬರ್ ಮುಗಿಯುವುದರೊಳಗೆ ಇನ್ನೊಮ್ಮೆ ಸವಾರಿ ಮಾಡಿದರೆ ಜಾಗ ಉಳಿಯುತ್ತದೆ.

ಆ ಒಂದು ತಿಂಗಳು ಮನೆಯಲ್ಲಿ ಮಾತು ಕಡಿಮೆಯಾಯಿತು. ಜಗಳವೇನೂ ಇರಲಿಲ್ಲ. ಚಹಾ ಆಯ್ತಾ, ನೀರು ಬಂತಾ ಎಂಬಷ್ಟು ಮಾತು. ಅವಳು ಬೆಳಗಿನ ಜಾವ ಎದ್ದು ಬಂಟ್ವಾಳದ ಕಡೆಗೆ ತುಂಬಿದ ಚೀಲಗಳ ಸೈಕಲು ಹೊಡೆದು, ಅಲ್ಲಿಂದಲೇ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಅಂಗಳದಲ್ಲಿ ಕೂತು ಟಯರು ಕಳಚಿ ಹಾಕುವುದನ್ನು ಕಲಿತಳು. ಹೆಗಲು ಮುರಿದ ಮೇಲೆ ಎಡಗೈಯಲ್ಲಿ ಬಲ ಇರಲಿಲ್ಲ. ಟಯರಿನ ಕೊನೆಯ ಗೇಣು ರಿಮ್ಮಿನೊಳಗೆ ಸೇರುವಾಗ ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಮೂಡುಬಿದಿರೆಯಲ್ಲಿ ಅಂಗಡಿಯವನು ಮಾಡಿಕೊಟ್ಟಿದ್ದರಿಂದ ಇದು ಅಂದು ಅವಳಿಗೆ ಗೊತ್ತೇ ಆಗಿರಲಿಲ್ಲ. ಮೊಣಕಾಲಿನಲ್ಲಿ ಒತ್ತಿ, ಹೆಬ್ಬೆರಳಿನ ಬದಲು ಅಂಗೈಯಿಂದ ತಳ್ಳುವುದನ್ನು ಕಂಡುಕೊಂಡಳು. ರಂಜಿತ ಹೋಟೆಲಿನ ಹಿಂಬಾಗಿಲಿನಿಂದ ನೋಡಿ ಒಳಗೆ ಹೋಗುತ್ತಿದ್ದ. ಒಮ್ಮೆ ಮಾತ್ರ ಹತ್ತಿರ ಬಂದು ಕೈ ಚಾಚಿದ. ಅವಳು ತಲೆ ಎತ್ತಿದ್ದೇ ಹಿಂದಕ್ಕೆ ತೆಗೆದುಕೊಂಡ.

ಹೊರಡುವ ಹಿಂದಿನ ದಿನ ಅವನು ಕಾರಿನ ಕೀಲಿಯನ್ನು ತಾಯಿಯ ಕೈಯಲ್ಲಿ ಕೊಟ್ಟ. ಯಾರಿಗೂ ಹೇಳಿಲ್ಲ, ಹಿಂದೆ ಬರುವುದಿಲ್ಲ, ದೇವರಾಣೆ ಎಂದ. ಕಾಂತಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು, ಇಬ್ಬರ ಮುಖವನ್ನೂ ನೋಡದೆ ಅಡುಗೆಮನೆಗೆ ಹೋದರು.

ಈ ಸಲ ಪುಂಜಾಲಕಟ್ಟೆಯಲ್ಲಿ ಸೋಡಾ ಅಂಗಡಿಯವನು ಕ್ರಿಕೆಟ್ ನೋಡುತ್ತಾ, ತಿರುಗದೆಯೇ ಗ್ಲಾಸು ಮುಂದಿಟ್ಟ. ಅವಳಿಗೆ ಬೇಸರವಾಗಲಿಲ್ಲ. ಬೆಳ್ತಂಗಡಿಯಲ್ಲಿ ಬಾಳೆಹಣ್ಣು, ನೆಲಗಡಲೆ ಚಿಕ್ಕಿ ಕೊಂಡು ಚೀಲಕ್ಕೆ ತುಂಬಿ, ಗುರುವಾಯನಕೆರೆಗೆ ಮರಳಿ ನಾರಾವಿಯ ರಸ್ತೆಗೆ ತಿರುಗಿದಳು. ಕಾಲು ಚೆನ್ನಾಗಿ ಓಡುತ್ತಿತ್ತು. ತಾನು ಒಬ್ಬಳೇ ಎಂಬುದು ಮೊದಲ ಬಾರಿಗೆ ನಿಜವಾಗಿ ಮೈಗೆ ತಾಗಿತು. ಹೆದರಿಕೆಯೂ ಹಗುರವೂ ಒಟ್ಟಿಗೆ.

ಅಳದಂಗಡಿ ದಾಟಿ ಮನೆಗಳು ಮುಗಿದ ಮೇಲೆ ಒಂದು ಬೈಕು ಹಿಂದೆ ಬಂತು. ಇಬ್ಬರು ಗಂಡಸರು. ದಾಟಿ ಹೋಗಲಿ ಎಂದು ಅವಳು ಬದಿಗೆ ಸರಿದಳು. ಅವರು ದಾಟದೆ ಪಕ್ಕದಲ್ಲೇ ಬಂದರು. ಹಿಂದೆ ಕೂತವನು ಫೋನು ಹಿಡಿದು ವಿಡಿಯೋ ತೆಗೆಯುತ್ತಾ, ಒಬ್ಬಳೇ ಎಲ್ಲಿಗೆ, ನಾವೂ ಬರುವುದಾ ಎಂದು ಕೇಳಿದ. ಅವಳು ಉತ್ತರ ಕೊಡದೆ ತುಳಿದಳು. ಏರಿನಲ್ಲಿ ವೇಗ ತಗ್ಗಿದಾಗ ಅವನು ಕೈ ಚಾಚಿ ಅವಳ ತೋಳು ಹಿಡಿದ. ಸೈಕಲು ಹೊಯ್ದಾಡಿ ಜಲ್ಲಿಗೆ ಇಳಿಯಿತು. ಬೀಳದೆ ನಿಂತಳು, ಸೈಕಲನ್ನು ತನಗೂ ಅವರಿಗೂ ನಡುವೆ ಅಡ್ಡ ಹಿಡಿದು, ಪಂಪನ್ನು ಕಿತ್ತು ಕೈಯಲ್ಲಿ ತೆಗೆದುಕೊಂಡಳು.

ಬೈಕು ಕೂಡ ನಿಂತಿತು. ಅವರು ಇಳಿಯಲಿಲ್ಲ. ಕೂತಲ್ಲಿಂದಲೇ ನಗುತ್ತಿದ್ದರು. ಅಷ್ಟರಲ್ಲಿ ಒಂದು ಜೀಪು ಬಂತು. ಅವಳು ಕೈ ಎತ್ತಿದಳು. ಜೀಪು ನಿಧಾನವಾಯಿತು; ಒಳಗಿನವರು ನೋಡಿದರು, ಮತ್ತೆ ಹೋಯಿತು.  ಅವಳ ಬಾಯಿಂದ ಬಂದದ್ದು ಮಾತಲ್ಲ, ತನಗೇ ಗುರುತಾಗದ ಒಂದು ಕೂಗು. ಪಂಪನ್ನು ಬೀಸಿ ಬೈಕಿನ ದೀಪಕ್ಕೆ ಹೊಡೆದಳು. ಗಾಜು ಒಡೆಯಿತು. ಓಡಿಸುವವನು ಬೈದು, ಕಾಲಿನಿಂದ ಅವಳ ಹಿಂದಿನ ಚಕ್ರಕ್ಕೆ ಒದ್ದು, ಗಾಡಿ ತಿರುಗಿಸಿದ. ಸದ್ದು ಕರಗುವವರೆಗೆ ಅವಳು ಪಂಪು ಎತ್ತಿಯೇ ನಿಂತಿದ್ದಳು.

ನಂಬರ್ ನೋಡಬೇಕಿತ್ತು ಎಂದು ಆ ಮೇಲೆ ನೆನಪಾಯಿತು. ಕೊನೆಯ ಎರಡು ಅಂಕೆ ಮಾತ್ರ ಕಣ್ಣಲ್ಲಿ ಉಳಿದಿತ್ತು. ಟಯರಿನ ಗಾಳಿ ಹೋಗಿತ್ತು. ಫೋನು ತೆಗೆದು ರಂಜಿತನ ಹೆಸರಿನ ಮೇಲೆ ಬೆರಳಿಟ್ಟಳು. ಒತ್ತಿದರೆ ಮುಕ್ಕಾಲು ಗಂಟೆಯಲ್ಲಿ ಉಮ್ಮರನ ವ್ಯಾನು, ಅದರ ಹಿಂದೆಯೇ ಇವನು. ಒತ್ತಲಿಲ್ಲ. ಆಮೇಲೆ ಫೋನು ಒಳಗಿಟ್ಟು ಚಕ್ರ ಕಳಚಿದಳು. ಟ್ಯೂಬು ಬದಲಿಸಿ, ಮೊಣಕಾಲು ಕೊಟ್ಟು, ಅಂಗೈಯಿಂದ ತಳ್ಳಿದಳು. ಮೂರನೇ ಸಲಕ್ಕೆ ಟಯರು ಕೂತಿತು. ಕೂತದ್ದೇ ರಸ್ತೆ ಬದಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ನಾರಾವಿಯಲ್ಲಿ ರುಖಿಯಮ್ಮನ ಮನೆಯಲ್ಲಿ ದೀಪ ಹತ್ತಿತ್ತು, ಮಗು ಅಳುವುದು ಕೇಳುತ್ತಿತ್ತು. ಗುರುತಿನವರ ಮನೆ, ನಿಯಮ ಒಪ್ಪುವುದಿಲ್ಲ. ಅವಳು ತಲೆ ತಿರುಗಿಸದೆ ಮುಂದೆ ಹೋದಳು. ಆ ದಿನ ಅವಳಿಂದ ಆದ ಅತ್ಯಂತ ಕಷ್ಟದ ಕೆಲಸ ಅದೇ ಆಗಿತ್ತೇನೋ. ಮುಂದೆ ಒಂದು ಹಾಲಿನ ಸೊಸೈಟಿಯ ಜಗಲಿಯಲ್ಲಿ ಮಲಗಬಹುದೇ ಎಂದು ಕೇಳಿದಾಗ ಅಲ್ಲಿದ್ದವರು, ಒಬ್ಬಳೇ ಹೆಂಗಸು, ನಾಳೆ ಏನಾದರೂ ಆದರೆ ನಮಗೆ ಮಾತು ಬರ್ತದೆ ಎಂದು ಕೈ ಮುಗಿದರು. ಮೂಡುಬಿದಿರೆ ಮುಟ್ಟಿ, ಮೊದಲು ಕಂಡ ಲಾಡ್ಜಿನಲ್ಲೂ ಅದೇ ಉತ್ತರ ಸಿಕ್ಕಿತು. ಎರಡನೆಯದರಲ್ಲಿ ಕೋಣೆ ಕೊಟ್ಟರು. ಸೈಕಲನ್ನು ಒಳಗೆ ತಂದು ಬಾಗಿಲಿಗೆ ಒರಗಿಸಿ, ಪಂಪನ್ನು ತಲೆದಿಂಬಿನ ಬಳಿ ಇಟ್ಟು ಮಲಗಿದಳು. ನಿದ್ರೆ ಬಂತೋ ಇಲ್ಲವೋ ತಿಳಿಯಲಿಲ್ಲ.

ಬೆಳಗ್ಗೆ ಬಸ್ ಸ್ಟ್ಯಾಂಡಿನ ಬಳಿ ನಿಂತು ಇಡ್ಲಿ ತಿನ್ನುತ್ತಿದ್ದಾಗ ಪುತ್ತಿಗೆಯ ಕಡೆಯಿಂದ ಬಂದ ಒಬ್ಬ ಹೆಂಗಸು, ಚೀಲ ಅವಳ ಕಾಲ ಬಳಿ ಇಟ್ಟು, "ಇದನ್ನೊಂದು ನೋಡಿಕೊಳ್ಳಿ, ನಾನು ಮೂತ್ರಕ್ಕೆ ಹೋಗಿ ಬರ್ತೇನೆ," ಎಂದು ಹೋದಳು. ಚೀಲದ ಬಾಯಿಯಲ್ಲಿ ಆಸ್ಪತ್ರೆಯ ಎಕ್ಸ್‌ರೇ ಕವರು, ಪರ್ಸು ಎರಡೂ ಕಾಣುತ್ತಿದ್ದವು. ದೀಕ್ಷಿತಾ ಇಡ್ಲಿ ಬಿಟ್ಟು ಆ ಚೀಲವನ್ನೇ ನೋಡುತ್ತಾ ನಿಂತಳು. ಹೆಂಗಸು ಬಂದು, ತಲೆ ಆಡಿಸಿ, ಚೀಲ ತೆಗೆದುಕೊಂಡು ಮಂಗಳೂರು ಬಸ್ಸು ಹತ್ತಿದಳು. ಅಷ್ಟೇ ನಡೆದದ್ದು. ಆದರೆ ಅದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ.

ಉಳಿದ ಸುತ್ತು ಮುಗಿಸಿ, ಸಿದ್ಧಕಟ್ಟೆ, ಬಂಟ್ವಾಳ ದಾಟಿ ಅವಳು ಕಲ್ಲಡ್ಕಕ್ಕೆ ಬಂದಾಗ ಸಂಜೆಯಾಗಿತ್ತು. ರಂಜಿತ ಹೋಟೆಲಿನ ಮುಂದೆ ನಿಂತಿದ್ದ. ಎರಡು ದಿನ ಅವನು ಸರಿಯಾಗಿ ಉಂಡಿಲ್ಲ ಎಂದು ಕಾಂತಿ ಹೇಳಬೇಕಾಗಿರಲಿಲ್ಲ; ಮುಖ ನೋಡಿದರೆ ತಿಳಿಯುತ್ತಿತ್ತು. ಈ ಸಲ ಹಿಂದೆ ಬಂದಿಲ್ಲ ಎಂಬುದೂ ತಿಳಿಯುತ್ತಿತ್ತು. ಎಲ್ಲ ಸರಿ ಇತ್ತಾ ಎಂದು ಕೇಳಿದ. ಸರಿ ಇತ್ತು ಎಂದಳು. ಹೇಳಿದರೆ ಜನವರಿಯಲ್ಲಿ ಇವನು ಕನ್ಯಾಕುಮಾರಿಯವರೆಗೂ ಹಿಂದೆ ಬಂದಾನು ಎಂದು ದಾರಿಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿದ್ದಳು.

ಸ್ನಾನ ಮಾಡಿ ಬಂದು ಊಟಕ್ಕೆ ಕೂತಾಗ ಅವನ ಕಣ್ಣು ಅವಳ ತೋಳಿನ ಮೇಲೆ ನಿಂತಿತು. ನಾಲ್ಕು ಬೆರಳಿನ ಗುರುತು ನೀಲಿಗಟ್ಟಿತ್ತು. ಅವನು ನೋಡಿದ, ಏನೂ ಕೇಳಲಿಲ್ಲ. ತಟ್ಟೆಯ ಕಡೆ ಕಣ್ಣು ಇಳಿಸಿ ಅನ್ನ ಕಲಸತೊಡಗಿದ.  ಕೇಳುವ ಹಕ್ಕು ತನಗಿಲ್ಲವೆಂದು ಅವನು ತಿಳಿದುಕೊಂಡಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ತಾನೂ ಈಗ ಅವನು ಮಾಡಿದ್ದನ್ನೇ ಮಾಡುತ್ತಿದ್ದೇನೆ ಎಂದೂ ಗೊತ್ತಾಯಿತು.

ಅವಳು ಎಲ್ಲವನ್ನೂ ಹೇಳಿದಳು. ಬೈಕು, ಜೀಪು, ಪಂಪು, ತಾನು ಅತ್ತದ್ದು, ಸೊಸೈಟಿಯವರು ಕೈ ಮುಗಿದದ್ದು. ಕಾಂತಿ ಬಡಿಸುವ ಸೌಟು ಕೆಳಗಿಟ್ಟು ಗೋಡೆಗೆ ಒರಗಿ ಕೂತರು.

"ನಾನು ಬಂದಿದ್ರೆ," ಎಂದು ರಂಜಿತ ಶುರು ಮಾಡಿದ.

"ನೀವು ಬಂದಿದ್ರೆ ಅವರು ಹತ್ರ ಬರ್ತಿರ್ಲಿಲ್ಲ," ಎಂದಳು ದೀಕ್ಷಿತಾ. "ಅದು ಸತ್ಯ. ಆದ್ರೂ ನಾನು ಹೋಗ್ತೇನೆ."

 ಬೆಳಗ್ಗೆ ಅವನು, ದೂರು ಕೊಡುವ, ನಾಳೆ ಇನ್ನೊಬ್ಬಳು ಆ ದಾರಿಯಲ್ಲಿ ಹೋಗುವವಳಿರ್ತಾಳೆ ಎಂದ. ಅವಳು ಒಪ್ಪಿದಳು. ಕಾಂತಿ ಸೆರಗಿನಿಂದ ಕೀಲಿ ಬಿಚ್ಚಿ ಕೊಟ್ಟರು.

ಆ ದಾರಿಗೆ ಸೇರಿದ ಠಾಣೆಯಲ್ಲಿ ಬರೆದುಕೊಳ್ಳುತ್ತಿದ್ದ ಪೊಲೀಸನು ನಡುವಯಸ್ಸಿನವನು, ಒರಟನೇನಲ್ಲ. ನಂಬರಿನ ಎರಡು ಅಂಕೆ, ಒಡೆದ ದೀಪ ಎಲ್ಲ ಬರೆದುಕೊಂಡ. ಕೊನೆಗೆ ಪೆನ್ನು ಕೆಳಗಿಟ್ಟು, ಅವಳನ್ನಲ್ಲ, ರಂಜಿತನನ್ನು ನೋಡಿ, ಇವರನ್ನು ಒಬ್ಬರನ್ನೇ ಯಾಕೆ ಕಳಿಸಿದ್ದು ಎಂದು ಕೇಳಿದ.

ದೀಕ್ಷಿತಾ ಗಂಡನ ಕಡೆ ತಿರುಗಿದಳು. 

"ನಾನು ಕಳಿಸ್ಲಿಲ್ಲ ಸರ್," ಎಂದ ರಂಜಿತ. ಸ್ವರ ಗಟ್ಟಿ ಇರಲಿಲ್ಲ. "ಅವಳೇ ಹೋದದ್ದು. ಒಬ್ಬಳೇ ಹೋದದ್ದು ತಪ್ಪು ಅಂತ ಅದರಲ್ಲಿ ಬರೀಬೇಡಿ."

ದೂರಿನಿಂದ ಆ ವಾರ ಏನೂ ಫಲ ಬರಲಿಲ್ಲ. ನೆರವಿಲ್ಲದೆ ಸವಾರಿ ಮುಗಿಸಿದೆ ಎಂದು ಅವಳು ಬರೆದು ಕಳಿಸಿದ್ದಕ್ಕೆ ಮಾತ್ರ ಉತ್ತರ ಬಂತು, ಜನವರಿಗೆ ಜಾಗ ಖಚಿತವಾಯಿತು. ಅದನ್ನು ತೋರಿಸಿದಾಗ ರಂಜಿತ ಎರಡು ಸಲ ಓದಿ ಫೋನು ವಾಪಸು ಕೊಟ್ಟ. ಆದರೆ ಇದೆಲ್ಲ ಆಮೇಲಿನ ಮಾತು. ಠಾಣೆಯಿಂದ ಮರಳುವಾಗ ಕಾರು ಓಡಿಸುತ್ತಿದ್ದವನು ಅವನೇ.

"ಜನವರಿಯಲ್ಲಿ ನೀನು ದಾರಿಯಲ್ಲಿರುವಷ್ಟು ದಿನ ನಂಗೆ ನಿದ್ರೆ ಬರ್ಲಿಕ್ಕಿಲ್ಲ," ಎಂದ.

"ನಂಗೂ ಬರ್ಲಿಕ್ಕಿಲ್ಲ," ಎಂದಳು ಅವಳು.

ಮುಂದೆ ಹುಲ್ಲು ತುಂಬಿದ ಒಂದು ಲಾರಿ ಹೋಗುತ್ತಿತ್ತು. ದಾಟಲು ಜಾಗವಿದ್ದರೂ ರಂಜಿತ ದಾಟಲಿಲ್ಲ. ಬಂಟ್ವಾಳದವರೆಗೂ ಅದರ ಹಿಂದೆಯೇ, ಸಾವಕಾಶ, ಇಬ್ಬರೂ ಬಂದರು.